ಸಿಂಥ್‌ನಲ್ಲಿ ಕಟ್ಟೋದಾ, ಮೈಕ್‌ನಲ್ಲಿ ಹಿಡಿಯೋದಾ? ಹಾಸನ–ಚಿಕ್ಕಮಗಳೂರಿನ ಮನೆ ಸ್ಟುಡಿಯೊಗೆ ಒಂದು ಹೋಲಿಕೆ

ಲ್ಯಾಪ್‌ಟಾಪ್ ಮುಂದೆ ಕೂತು ಎಲೆಕ್ಟ್ರಾನಿಕ್ ಸಂಗೀತ ಶುರು ಮಾಡುವವರು ಮೊದಲು ಕೇಳುವುದು ‘ಯಾವ ಪ್ಲಗಿನ್ ಹಾಕಿಕೊಳ್ಳಲಿ?’ ಅಂತ (ಪ್ಲಗಿನ್ ಎಂದರೆ ಹಾಡು ಕಟ್ಟುವ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಸಿಂಥ್ ಅಥವಾ ಪರಿಕರ; ಸಿಂಥ್ ಎಂದರೆ ಶಬ್ದವನ್ನು ತಾನೇ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ). ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ: ನಿಮಗೆ ಬೇಕಾದ ಶಬ್ದ ಹುಟ್ಟಿದ ಕ್ಷಣದಿಂದ ಆರಿಹೋಗುವವರೆಗೆ ಅದರೊಳಗೆ ಏನು ಬದಲಾಗುತ್ತದೆ? ಹೊಳಪು ಮಾತ್ರ ಕುಗ್ಗುತ್ತದೆಯೇ? ಹೊಡೆತದ ಹೊತ್ತಿಗೆ ಲೋಹದಂತೆ ಕಿರುಚಿ ಆಮೇಲೆ ಮೆತ್ತಗಾಗುತ್ತದೆಯೇ? ಬಾಯಿ ತೆರೆದು ಮುಚ್ಚಿದ ಹಾಗೆ ಬಣ್ಣವೇ ಬದಲಾಗುತ್ತದೆಯೇ? ಅಥವಾ ಯಾವ ಲೆಕ್ಕಕ್ಕೂ ಸಿಗದಂತೆ ಪ್ರತಿ ಕ್ಷಣ ಬೇರೆಯೇ? ಇದಕ್ಕೆ ಉತ್ತರ ಸಿಕ್ಕರೆ ಯಾವ ವಿಧಾನ ಅನ್ನುವುದು ತಾನಾಗಿ ತೀರ್ಮಾನವಾಗುತ್ತದೆ. ಉತ್ತರ ಇಲ್ಲದೆ ಪ್ಲಗಿನ್ ತೆರೆದರೆ ಸಂಜೆ ಪೂರ್ತಿ ಪ್ರೀಸೆಟ್ (ಮೊದಲೇ ಮಾಡಿಟ್ಟ ದನಿ) ತಿರುಗಿಸುವುದರಲ್ಲೇ ಹೋಗುತ್ತದೆ.

ಆ ನಾಲ್ಕು ದಾರಿಗಳನ್ನು ಮೊದಲು ನೋಡೋಣ. ಸಾಫ್ಟ್‌ವೇರ್, ಹೆಡ್‌ಫೋನ್, ಕರೆಂಟು ಆಮೇಲೆ ಬರುತ್ತವೆ.

ಹೊಳಪು ಮಾತ್ರ ಬದಲಾಗಬೇಕಾದರೆ: ಸಬ್‌ಟ್ರ್ಯಾಕ್ಟಿವ್

ಸಾ (ಗರಗಸದ ಹಲ್ಲಿನಾಕಾರದ) ಅಥವಾ ಸ್ಕ್ವೇರ್ (ಚೌಕಾಕಾರದ) ಅಲೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹಾರ್ಮೋನಿಕ್ (ಮೂಲ ಸ್ವರದ ಎರಡು, ಮೂರು ಪಟ್ಟು ಹೀಗೆ ಆವರ್ತನದ ಅಂಶಗಳು) ಇರುತ್ತದೆ. ಫಿಲ್ಟರ್ ಹಾಕಿ ಬೇಡವಾದ್ದನ್ನು ತೆಗೆಯುವುದೇ ಈ ವಿಧಾನ. ಬೇಸ್ (ಆಳದ ಕೆಳಸ್ವರ), ಪ್ಲಕ್ (ತಂತಿ ಮೀಟಿದಂಥ ದನಿ), ಸಾದಾ ಪ್ಯಾಡ್ (ಹಿನ್ನೆಲೆಯ ಉದ್ದ ದನಿ) ಮೂರಕ್ಕೂ ಇದಕ್ಕಿಂತ ಬೇಗ ಫಲ ಕೊಡುವ ದಾರಿ ಇಲ್ಲ. ಒಂದು ಬೇಸ್ ಹೀಗೆ ಕಟ್ಟಿ: ಒಂದೇ ಸಾ ಅಲೆ, ಮೇಲಿನ ಆವರ್ತನಗಳನ್ನು ಕತ್ತರಿಸುವ ಲೋ ಪಾಸ್ ಫಿಲ್ಟರ್ ಆಕ್ಟೇವ್‌ಗೆ 24 ಡಿಬಿ (ಡೆಸಿಬೆಲ್) ಇಳಿಜಾರು, ಕಟಾಫ್ (ಕತ್ತರಿ ಶುರುವಾಗುವ ಜಾಗ) 150 ಹರ್ಟ್ಸ್, ಎನ್ವಲಪ್ (ಹೊತ್ತಿಗೆ ತಕ್ಕಂತೆ ಏರಿಳಿಸುವ ನಿಯಂತ್ರಣ) ಅದನ್ನು ಸುಮಾರು 1500 ಹರ್ಟ್ಸ್‌ವರೆಗೆ ಎತ್ತುವಷ್ಟು, ಡಿಕೇ (ಇಳಿಯುವ ಹೊತ್ತು) 180 ಮಿಲಿಸೆಕೆಂಡ್, ಸಸ್ಟೇನ್ (ಕೀ ಒತ್ತಿರುವಷ್ಟು ಹೊತ್ತು ನಿಲ್ಲುವ ಮಟ್ಟ) ನಾಲ್ಕನೇ ಒಂದು ಭಾಗ. ವಾಲ್ಯೂಮ್ ಎನ್ವಲಪ್‌ನ ಅಟ್ಯಾಕ್ (ಏರುವ ಹೊತ್ತು) ಸೊನ್ನೆಗೆ ಇಡಬೇಡಿ. ಅಲೆ ನಡುವೆ ಎಲ್ಲೋ ಶುರುವಾಗಿ ‘ಟಿಕ್’ ಎನ್ನುತ್ತದೆ. 2ರಿಂದ 5 ಮಿಲಿಸೆಕೆಂಡ್ ಕೊಟ್ಟರೆ ಸಾಕು.

ಇಲ್ಲಿ ಹೆಚ್ಚಾಗಿ ಕೆಡುವುದು ಯುನಿಸನ್‌ನಿಂದ, ಅಂದರೆ ಒಂದೇ ಸ್ವರದ ಹಲವು ಪ್ರತಿ ಪೇರಿಸುವುದರಿಂದ. ದಪ್ಪ ಕೇಳಲಿ ಅಂತ ಬೇಸ್‌ಗೆ ಏಳು ಧ್ವನಿ ಹಾಕಿ ಡಿಟ್ಯೂನ್ ಮಾಡುತ್ತಾರೆ (ಶ್ರುತಿಯನ್ನು ತುಸು ತಪ್ಪಿಸುತ್ತಾರೆ). ಹೆಡ್‌ಫೋನ್‌ನಲ್ಲಿ ಅದು ಚೆನ್ನಾಗಿಯೇ ಕೇಳುತ್ತದೆ. ಮೊನೊ ಮಾಡಿದ (ಎಡ ಬಲ ಎರಡನ್ನೂ ಒಂದಾಗಿಸಿದ) ಕೂಡಲೇ ಅಲೆಗಳು ಒಂದನ್ನೊಂದು ತಿಂದುಹಾಕಿ ಒಂದು ಹೊಡೆತ ಜೋರಾಗಿಯೂ ಮುಂದಿನದು ಪೊಳ್ಳಾಗಿಯೂ ಬೀಳುತ್ತದೆ. 120 ಹರ್ಟ್ಸ್‌ಗಿಂತ ಕೆಳಗಿನದಕ್ಕೆ ಒಂದೇ ಧ್ವನಿ, ಮೊನೊ, ಪ್ರತಿ ಸ್ವರಕ್ಕೂ ಫೇಸ್ (ಅಲೆ ಶುರುವಾಗುವ ಸ್ಥಾನ) ಮೊದಲಿಂದ ಶುರು. ಅಗಲ ಬೇಕಿದ್ದರೆ ಇನ್ನೊಂದು ಪದರ ಹಾಕಿ, ಅದರ ಕೆಳಭಾಗವನ್ನು ಹೈ ಪಾಸ್‌ನಿಂದ ಕತ್ತರಿಸಿ, ಅಗಲವೆಲ್ಲ ಅಲ್ಲಿ ಮಾಡಿ.

ಲೋಹ, ಗಂಟೆ, ಜಾಗಟೆ: ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಷನ್)

ಒಂದು ಅಲೆಯ ಆವರ್ತನವನ್ನು ಇನ್ನೊಂದು ಅಲೆ ಅತಿ ವೇಗವಾಗಿ ಅಲುಗಾಡಿಸಿದರೆ ಎರಡರಲ್ಲೂ ಇಲ್ಲದ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಕಂಡುಕೊಂಡ ಈ ವಿಧಾನವನ್ನು ಯಮಾಹಾ 1983ರ ಡಿಎಕ್ಸ್7 ಸಿಂಥ್‌ನಲ್ಲಿ ಮನೆಮನೆಗೆ ತಲುಪಿಸಿತು. ಅದರ ಆರು ಆಪರೇಟರ್ (ಅಲೆ ಹುಟ್ಟಿಸುವ ಘಟಕ), ಅವುಗಳನ್ನು ಜೋಡಿಸುವ 32 ಅಲ್ಗಾರಿದಮ್‌ಗಳನ್ನು ಇಂದು ಡೆಕ್ಸ್ಡ್ ಎಂಬ ಉಚಿತ ಪ್ಲಗಿನ್‌ನಲ್ಲಿ ಹಾಗೆಯೇ ಬಳಸಬಹುದು.

ಕಲಿಯುವುದಕ್ಕೆ ಎರಡೇ ಆಪರೇಟರ್ ಸಾಕು: ಕಿವಿಗೆ ಕೇಳುವ ಕ್ಯಾರಿಯರ್, ಅದನ್ನು ಅಲುಗಾಡಿಸುವ ಮಾಡ್ಯುಲೇಟರ್. ಇವುಗಳ ಆವರ್ತನದ ಅನುಪಾತವೇ ಎಲ್ಲ. ಒಂದಕ್ಕೆ ಒಂದು ಇಟ್ಟರೆ ಹಿತ್ತಾಳೆ ವಾದ್ಯದ ಒರಟು. ಒಂದಕ್ಕೆ ಎರಡು ಇಟ್ಟರೆ ಬೆಸ ಹಾರ್ಮೋನಿಕ್‌ಗಳಷ್ಟೇ ಉಳಿದು ಕೊಳವೆಯಂಥ ಟೊಳ್ಳು ದನಿ. ಪೂರ್ಣಾಂಕ ಬಿಟ್ಟು 1.41, 3.5 ಇಂಥವಕ್ಕೆ ಹೋದರೆ ಹಾರ್ಮೋನಿಕ್ ಸಾಲು ಮುರಿದು ಲೋಹ ಹುಟ್ಟುತ್ತದೆ. ಮಂಗಳಾರತಿ ಹೊತ್ತಿನ ಜಾಗಟೆಯಂಥ ದನಿ ಬೇಕೆ? ಕ್ಯಾರಿಯರ್ 1, ಮಾಡ್ಯುಲೇಟರ್ 1.41. ಕ್ಯಾರಿಯರ್ ಡಿಕೇ 3ರಿಂದ 4 ಸೆಕೆಂಡ್, ಮಾಡ್ಯುಲೇಟರ್ ಡಿಕೇ ಅದರ ಮೂರನೇ ಒಂದು ಭಾಗ. ನಿಜವಾದ ಲೋಹದಲ್ಲೂ ಮೇಲಿನ ಸ್ವರಾಂಶಗಳು ಬೇಗ ಆರಿ ಕೆಳಗಿನವು ಉಳಿಯುತ್ತವೆ. ಅದಕ್ಕೇ ಮಾಡ್ಯುಲೇಟರ್ ಮೊದಲು ಸಾಯಬೇಕು. ಎರಡರ ಡಿಕೇಯನ್ನೂ ಒಂದೇ ಇಟ್ಟರೆ ಜಾಗಟೆ ಹೋಗಿ ಆಟಿಕೆಯ ಬಝರ್ ಆಗುತ್ತದೆ. ಕೀ ಒತ್ತುವ ಬಿರುಸಿಗೆ ಮಾಡ್ಯುಲೇಟರ್ ಮಟ್ಟವನ್ನು ಕಟ್ಟಿದರೆ ಜೋರಾಗಿ ಹೊಡೆದಾಗ ಹೊಳಪೂ ಏರುತ್ತದೆ, ದನಿಗೆ ಜೀವ ಬರುತ್ತದೆ.

ಮೇಲಿನ ಸ್ವರಗಳಲ್ಲಿ ಮಾಡ್ಯುಲೇಷನ್ ಜಾಸ್ತಿಯಾದರೆ ಸ್ಯಾಂಪಲ್ ರೇಟ್‌ನ (ಕಂಪ್ಯೂಟರ್ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಎಂಬ ಸಂಖ್ಯೆ) ಅರ್ಧವನ್ನು ಮೀರಿದ ಅಂಶಗಳು ಮಡಚಿಕೊಂಡು ಕೆಳಗೆ ಬಂದು ಅಪಸ್ವರವಾಗಿ ಕೇಳುತ್ತವೆ. ಇದೇ ಏಲಿಯಾಸಿಂಗ್. ಕೀಬೋರ್ಡ್ ಸ್ಕೇಲಿಂಗ್‌ನಿಂದ ಮೇಲಕ್ಕೆ ಹೋದಂತೆ ಮಾಡ್ಯುಲೇಟರ್ ತಗ್ಗಿಸಿ. ಪ್ಲಗಿನ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚಿನ ಸ್ಯಾಂಪಲ್ ರೇಟ್‌ನಲ್ಲಿ ಲೆಕ್ಕ ಹಾಕುವುದು) ಇದ್ದರೆ ಎರಡು ಪಟ್ಟು ಹಾಕಿ.

ಬಣ್ಣವೇ ತಿರುಗಬೇಕಾದರೆ: ವೇವ್‌ಟೇಬಲ್

ಹಲವು ಅಲೆಗಳನ್ನು ಸಾಲಾಗಿ ಜೋಡಿಸಿ ಅವುಗಳ ಮೇಲೆ ಓಡಾಡುವ ವಿಧಾನ ಇದು. ಈ ಬಗೆಯ ಪ್ಲಗಿನ್‌ಗಳಲ್ಲಿ ವೈಟಲ್ ಉಚಿತ, ಸೀರಮ್ ಹಣ ಕೊಟ್ಟು ಕೊಳ್ಳುವಂಥದ್ದು. ಎರಡರಲ್ಲೂ ಒಂದು ಟೇಬಲ್‌ನಲ್ಲಿ 256 ಫ್ರೇಮ್‌ವರೆಗೆ (ಒಂದು ಫ್ರೇಮ್ ಎಂದರೆ ಒಂದು ಅಲೆ) ಇರಬಹುದು, ಪ್ರತಿ ಫ್ರೇಮ್‌ಗೆ 2048 ಸ್ಯಾಂಪಲ್ (ಅಳತೆಯ ಬಿಂದು). ಗುರುಗುಟ್ಟುವ ಬೇಸ್, ನಿಧಾನ ಹೊರಳುವ ಪ್ಯಾಡ್ ಇದರ ಜಾಗ. ಎಲ್‌ಎಫ್‌ಒವನ್ನು (ನಿಯಂತ್ರಣಗಳನ್ನು ನಿಧಾನವಾಗಿ ತೂಗಿಸುವ ಅಲೆ) ತಾಳಕ್ಕೆ ಕಟ್ಟಿ ಫ್ರೇಮ್ ಸರಿಸಿದರೆ ದನಿ ತಾನೇ ಕುಣಿಯತೊಡಗುತ್ತದೆ.

ಉಚಿತದ್ದರಲ್ಲಿ ಯಾವುದು? ಏನು ನಡೆಯುತ್ತಿದೆ ಎಂದು ಪರದೆಯ ಮೇಲೆ ಕಣ್ಣಾರೆ ಕಂಡು ಕಲಿಯುವವರಿಗೆ ವೈಟಲ್. ಹಳೆಯ ಲ್ಯಾಪ್‌ಟಾಪ್ ಇರುವವರಿಗೆ, ಒಂದೇ ಸಿಂಥ್‌ನಲ್ಲಿ ಸಬ್‌ಟ್ರ್ಯಾಕ್ಟಿವ್, ಎಫ್‌ಎಂ, ವೇವ್‌ಟೇಬಲ್ ಮೂರೂ ಬೇಕೆನ್ನುವವರಿಗೆ ಸರ್ಜ್ ಎಕ್ಸ್‌ಟಿ. ಇದು ಮುಕ್ತ ತಂತ್ರಾಂಶ, 2018ರಿಂದ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಮೊದಲ ವರ್ಷ ಈ ಎರಡನ್ನು ಬಿಟ್ಟು ಬೇರೆ ಸಿಂಥ್ ಕೊಳ್ಳುವ ಅಗತ್ಯ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಪ್ರೊಸೆಸರ್ ಉಸಿರುಗಟ್ಟುವುದು ಹೆಚ್ಚಾಗಿ ವೇವ್‌ಟೇಬಲ್‌ನಲ್ಲೇ. ಲೆಕ್ಕ ಹಾಕಿ ನೋಡಿ: ಮೂರು ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ), ತಲಾ ಎಂಟು ಯುನಿಸನ್, ನಾಲ್ಕು ಸ್ವರದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ). ಒಟ್ಟು 96 ಅಲೆಗಳು ಒಟ್ಟಿಗೆ. ರಿಲೀಸ್ (ಕೀ ಬಿಟ್ಟ ಮೇಲೆ ದನಿ ಆರುವ ಹೊತ್ತು) ಉದ್ದ ಇದ್ದರೆ ಹಿಂದಿನ ಕಾರ್ಡಿನ 96 ಇನ್ನೂ ಉಳಿದಿರುವಾಗಲೇ ಹೊಸ 96 ಸೇರುತ್ತವೆ. ಯುನಿಸನ್ ನಾಲ್ಕಕ್ಕೆ ಇಳಿಸಿ. ದನಿಯನ್ನು ಅಗಲಿಸುವ ಸಣ್ಣ ಕೋರಸ್ ಎಫೆಕ್ಟ್ ಹಾಕಿದರೆ ಹಾಡಿನ ನಡುವೆ ವ್ಯತ್ಯಾಸ ಯಾರ ಕಿವಿಗೂ ಬೀಳುವುದಿಲ್ಲ.

ನಿಮ್ಮದೇ ರೆಕಾರ್ಡಿಂಗ್‌ನಿಂದಲೂ ವೇವ್‌ಟೇಬಲ್ ಮಾಡಬಹುದು. ನಾದಸ್ವರದ ಒಂದು ನಿಂತ ಸ್ವರ, ಎರಡು ಸೆಕೆಂಡ್, ಗಮಕ ಇಲ್ಲದ್ದು ಸಾಕು. ವೈಟಲ್‌ನ ಆಸಿಲೇಟರ್ ಮೇಲೆ ಆ ಫೈಲನ್ನು ಎಳೆದು ಬಿಟ್ಟರೆ ಪಿಚ್ ಸ್ಪ್ಲೈಸ್, ವೋಕೋಡ್ ಎಂಬ ಆಯ್ಕೆಗಳು ಬರುತ್ತವೆ. ಸ್ವರ ಅಲುಗಾಡಿದರೆ ಫ್ರೇಮ್‌ಗಳ ಕತ್ತರಿ ತಪ್ಪಿ ಕರಕರ ಬರುತ್ತದೆ. ಡೊಳ್ಳು, ಮಳೆ, ತಮಟೆ ಇದಕ್ಕೆ ಒಗ್ಗುವುದಿಲ್ಲ. ಅವುಗಳಲ್ಲಿ ನಿಂತು ಒಂದೇ ಸಮನೆ ಪುನರಾವರ್ತಿಸುವ ಅಲೆ ಇಲ್ಲ.

ಲೆಕ್ಕಕ್ಕೆ ಸಿಗದ್ದು: ಸ್ಯಾಂಪಲ್ ಮತ್ತು ಗ್ರ್ಯಾನ್ಯುಲರ್

ನಮ್ಮ ಜಿಲ್ಲೆಗಳವರಿಗೆ ದೊಡ್ಡ ಅನುಕೂಲ ಇರುವುದು ಇಲ್ಲಿ. ದುಡ್ಡು ಕೊಟ್ಟು ತಂದ ಸ್ಯಾಂಪಲ್ (ಇಲ್ಲಿ ರೆಕಾರ್ಡ್ ಮಾಡಿದ ದನಿಯ ತುಣುಕು) ಪ್ಯಾಕ್‌ನ ಅದೇ ಶೇಕರ್ ಎಲ್ಲರ ಹಾಡಿನಲ್ಲೂ ಇದೆ. ಕಣದಲ್ಲಿ ಒಣಗಿದ ಕಾಫಿಯನ್ನು ಗೋರುವಾಗ ಬರುವ ‘ಝರ್’ ಸದ್ದು ಇಲ್ಲ. ಕೊಯ್ಲಿನ ಕಾಲದಲ್ಲಿ ಮೂಡಿಗೆರೆ, ಸಕಲೇಶಪುರ ಕಡೆ ಸಂಜೆ ಓಡುವ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಬೆಲ್ಟಿನ ಲಯ, ಹಣ್ಣು ಬೀಳುವ ಸದ್ದು, ನೀರಿನ ಕೊಳವೆ, ಇವೆಲ್ಲ ತಾಳವಾಗಿ ಕೂರುವಂಥವು.

ಗ್ರ್ಯಾನ್ಯುಲರ್ ಎಂದರೆ ರೆಕಾರ್ಡಿಂಗನ್ನು ಸಣ್ಣ ಸಣ್ಣ ಚೂರು ಮಾಡಿ ಬೇರೆ ಕ್ರಮದಲ್ಲಿ, ಬೇರೆ ವೇಗದಲ್ಲಿ ಸುರಿಯುವುದು. ಚೂರಿನ ಉದ್ದ 40ರಿಂದ 100 ಮಿಲಿಸೆಕೆಂಡ್ ಇದ್ದರೆ ಮೂಲ ದನಿಯ ಗುರುತು ಉಳಿಯುತ್ತದೆ. ಚೂರುಗಳು ಒಂದೇ ಸಮನೆ 20 ಮಿಲಿಸೆಕೆಂಡಿಗೊಮ್ಮೆ ಬಿದ್ದರೆ ಸೆಕೆಂಡಿಗೆ 50 ಆಯಿತು. ಅಂದರೆ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ತಾನಾಗಿ ಸೇರಿಕೊಳ್ಳುತ್ತದೆ. ಬೇಡವಾದರೆ ಚೂರು ಬೀಳುವ ಹೊತ್ತನ್ನೂ ಜಾಗವನ್ನೂ ಸ್ವಲ್ಪ ಚದುರಿಸಿ.

ಮಳೆಯನ್ನು ಗ್ರ್ಯಾನ್ಯುಲರ್‌ಗೆ ಹಾಕುವವರು ಬಹಳ. ಫಲ ಸಿಗುವುದು ಕಡಿಮೆ. ಶೀಟಿನ ಮೇಲೆ ಸುರಿಯುವ ಮಳೆ ಎಲ್ಲ ಆವರ್ತನಗಳೂ ಒಟ್ಟಿಗಿರುವ ಗದ್ದಲ. ಚೂರು ಮಾಡಿದರೂ ಗದ್ದಲವೇ, ಹಿಂದುಮುಂದು ಮಾಡಿದರೂ ಗದ್ದಲವೇ. ಅದನ್ನು ನೇರವಾಗಿ ಸ್ನೇರ್ ಡ್ರಮ್ಮಿನ ಬಾಲಕ್ಕೆ, ಹೈಹ್ಯಾಟ್‌ನ (ಡ್ರಮ್ ಸೆಟ್ಟಿನ ಜೋಡಿ ತಾಳ) ಪದರಕ್ಕೆ ಬಳಸಿ: 4 ಕಿಲೋಹರ್ಟ್ಸ್ ಮೇಲಿನದನ್ನಷ್ಟೇ ಉಳಿಸಿ, ಎನ್ವಲಪ್‌ನಿಂದ 60 ಮಿಲಿಸೆಕೆಂಡ್‌ಗೆ ಕತ್ತರಿಸಿ. ಗ್ರ್ಯಾನ್ಯುಲರ್‌ಗೆ ಬೇಕಾದ್ದು ಒಳಗೇ ಬದಲಾವಣೆ ಇರುವ ದನಿ. ಮಳೆ ನಿಂತ ಮೇಲೆ ಹೆಂಚಿನಿಂದ ನೀರಿನ ಬಾನಿಯೊಳಗೆ ತೊಟ್ಟಿಕ್ಕುವ ಹನಿ, ಜೀರುಂಡೆಗಳು ಒಂದೊಂದಾಗಿ ಶುರು ಹಚ್ಚಿಕೊಳ್ಳುವ ಹೊತ್ತು, ಪಲ್ಪರ್ ಆಫ್ ಮಾಡಿದಾಗ ವೇಗ ಇಳಿಯುವ ಕೆಲವು ಸೆಕೆಂಡ್.

ಪರಿಕರ: ಹಾಡು ಕಟ್ಟುವ ತಂತ್ರಾಂಶಗಳ ಪೈಕಿ ಎಫ್‌ಎಲ್ ಸ್ಟುಡಿಯೊದಲ್ಲಿ ಫ್ರೂಟಿ ಗ್ರ್ಯಾನ್ಯುಲೈಸರ್ ಇದೆ. ಏಬಲ್ಟನ್ ಲೈವ್‌ನ ಸೂಟ್ ಆವೃತ್ತಿ ಇದ್ದರೆ ರಾಬರ್ಟ್ ಹೆಂಕೆ ಮಾಡಿದ ಗ್ರ್ಯಾನ್ಯುಲೇಟರ್ ಸಿಗುತ್ತದೆ.

ಡೊಳ್ಳಿನ ಕಿಕ್ ಅಥವಾ ಸಿಂಥ್ ಕಿಕ್?

ಕಿಕ್ ಎಂದರೆ ಹಾಡಿನ ತಾಳ ಹಿಡಿಯುವ ಆಳದ ಡ್ರಮ್ ಹೊಡೆತ. ಈ ಪ್ರಶ್ನೆಗೆ ‘ಎರಡೂ, ಆದರೆ ಕೆಲಸ ಹಂಚಿ’ ಅನ್ನುವುದೇ ಸರಿಯಾದ ಉತ್ತರ. ಡೊಳ್ಳಿನ ಚೆಂದ ಇರುವುದು ಕೋಲು ಚರ್ಮಕ್ಕೆ ತಾಗುವ ಕ್ಷಣದಲ್ಲಿ. ಅದರ ಕೆಳಗಿನ ಗುಂಯ್‌ಕಾರ ಹೊಡೆತದಿಂದ ಹೊಡೆತಕ್ಕೆ ಬದಲಾಗುತ್ತದೆ, ಬಿಗಿಗೂ ತೇವಕ್ಕೂ ತಕ್ಕಂತೆ ಏರಿಳಿಯುತ್ತದೆ. ಮಳೆಗಾಲದಲ್ಲಿ ಚರ್ಮ ಸಡಿಲವಾಗಿ ದನಿ ಇಳಿಯುವುದು, ತಮಟೆಯನ್ನು ಬೆಂಕಿಗೆ ಕಾಯಿಸುವುದು ಎಲ್ಲರಿಗೂ ಗೊತ್ತಿರುವುದೇ. ಹಾಡಿನ ಶ್ರುತಿಗೆ ಕೂರಬೇಕಾದ ಕೆಳಭಾಗವನ್ನು ಅದರ ಮೇಲೆ ಹೊರಿಸಬಾರದು.

ಹಾಡು ಜಿ ಶ್ರುತಿಯಲ್ಲಿದೆ, ವೇಗ 128 ಬಿಪಿಎಂ (ನಿಮಿಷಕ್ಕೆ 128 ಬೀಟ್) ಎಂದಿಟ್ಟುಕೊಳ್ಳಿ. ಒಂದು ಬೀಟ್ 469 ಮಿಲಿಸೆಕೆಂಡ್. ಸಿಂಥ್‌ನಲ್ಲಿ ಸೈನ್ ಅಲೆ, ಸ್ವರ ಜಿ1, ಅಂದರೆ 49 ಹರ್ಟ್ಸ್. ಪಿಚ್ ಎನ್ವಲಪ್ 36 ಸೆಮಿಟೋನ್ ಮೇಲಿಂದ ಶುರುವಾಗಿ, ಅಂದರೆ 392 ಹರ್ಟ್ಸ್‌ನಿಂದ, 50 ಮಿಲಿಸೆಕೆಂಡ್‌ನಲ್ಲಿ ಕೆಳಗಿಳಿಯಲಿ. ವಾಲ್ಯೂಮ್ ಡಿಕೇ 280 ಮಿಲಿಸೆಕೆಂಡ್, ಸಸ್ಟೇನ್ ಸೊನ್ನೆ. ಹೀಗೆ ಮಾಡಿದರೆ ಮುಂದಿನ ಕಿಕ್‌ಗೆ ಮೊದಲು ಬೇಸ್ ಉಸಿರಾಡಲು ಸುಮಾರು 190 ಮಿಲಿಸೆಕೆಂಡ್ ಜಾಗ ಉಳಿಯುತ್ತದೆ.

ಈಗ ಡೊಳ್ಳು. ಒಂದು ಒಳ್ಳೆಯ ಹೊಡೆತ ಆರಿಸಿ, ಹೊಡೆತದ ಮೊದಲ ಏರಿಕೆಗೆ ಸರಿಯಾಗಿ ಕತ್ತರಿಸಿ. 100 ಮಿಲಿಸೆಕೆಂಡ್ ಉದ್ದ ಸಾಕು, ಕೊನೆಗೆ 20 ಮಿಲಿಸೆಕೆಂಡ್ ಫೇಡ್. 150 ಹರ್ಟ್ಸ್‌ಗೆ ಹೈ ಪಾಸ್, 24 ಡಿಬಿ ಇಳಿಜಾರು. ಈ ಕತ್ತರಿ ಹಾಕದಿದ್ದರೆ ಏನಾಗುತ್ತದೆ? ಡೊಳ್ಳಿನ ಕೆಳಸ್ವರ 55 ಹರ್ಟ್ಸ್‌ನಲ್ಲಿದ್ದು ಸಿಂಥ್ 49ರಲ್ಲಿದ್ದರೆ ಎರಡರ ನಡುವಿನ 6 ಹರ್ಟ್ಸ್ ಅಂತರ ಸೆಕೆಂಡಿಗೆ ಆರು ಬಾರಿ ಏರಿಳಿತವಾಗಿ ಕೇಳುತ್ತದೆ. ಕಿಕ್ ಅಲುಗಾಡಿದಂತೆ, ಒಂದು ಗಟ್ಟಿ ಒಂದು ಬಡಕಲು. ಎಷ್ಟು ಕಂಪ್ರೆಸರ್ (ಜೋರು ಮೆಲು ಅಂತರ ತಗ್ಗಿಸುವ ಪರಿಕರ) ಹಾಕಿದರೂ ಅದು ಸರಿಹೋಗುವುದಿಲ್ಲ.

ಎರಡನ್ನೂ ಆಡಿಯೋ ಕಡತ ಮಾಡಿಕೊಂಡು, ಹಿಗ್ಗಿಸಿ ನೋಡಿ. ಎರಡರ ಮೊದಲ ಗುಡ್ಡವೂ ಒಂದೇ ದಿಕ್ಕಿಗೆ ಎದ್ದಿರಬೇಕು. ಒಂದು ಮೇಲಕ್ಕೆ ಇನ್ನೊಂದು ಕೆಳಕ್ಕೆ ಇದ್ದರೆ ಡೊಳ್ಳಿನ ಪೊಲಾರಿಟಿ ತಿರುಗಿಸಿ. ಫಿಲ್ಟರ್ ಕೂಡ ಫೇಸ್ ಸರಿಸುತ್ತದೆ, ಆದ್ದರಿಂದ ಕಣ್ಣನ್ನಷ್ಟೇ ನಂಬದೆ ಕಿವಿಯಿಂದಲೂ ನೋಡಿ: ಡೊಳ್ಳಿನ ಪದರ ಆಫ್ ಮಾಡಿದಾಗ ಕಿಕ್ ದಪ್ಪಗಾದಂತೆ ಕೇಳಿದರೆ ಅದು ಸಿಂಥ್‌ನ ದಪ್ಪವನ್ನು ತಿನ್ನುತ್ತಿದೆ ಎಂದರ್ಥ. 48 ಕಿಲೋಹರ್ಟ್ಸ್‌ನಲ್ಲಿ 48 ಸ್ಯಾಂಪಲ್ ಸರಿಸಿದರೆ ಒಂದು ಮಿಲಿಸೆಕೆಂಡ್. ಹತ್ತು ಹತ್ತು ಸ್ಯಾಂಪಲ್ ಹಿಂದೆ ಮುಂದೆ ಮಾಡಿ, ಅತಿ ಗಟ್ಟಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಕೊನೆಗೆ ಎರಡನ್ನೂ ಸೇರಿಸಿ ಸಾಫ್ಟ್ ಕ್ಲಿಪ್ಪರ್‌ನಲ್ಲಿ (ಅಲೆಯ ಎತ್ತರದ ತುದಿಗಳನ್ನು ಮೆತ್ತಗೆ ಕತ್ತರಿಸುವ ಪರಿಕರ) 2–3 ಡಿಬಿ ಮಾತ್ರ ತಗ್ಗಿಸಿ.

ಡೊಳ್ಳು ಒಂದೇ ಹೊಡೆತ ಪದೇ ಪದೇ ಬಂದರೆ ಯಂತ್ರದಂತೆ ಕೇಳುತ್ತದೆ. ನಾಲ್ಕೈದು ಬೇರೆ ಬೇರೆ ಹೊಡೆತ ಕತ್ತರಿಸಿ ಸರದಿಯಲ್ಲಿ ಬರುವಂತೆ ಮಾಡಿ. ಸಿಂಥ್‌ನ ಕೆಳಭಾಗ ಮಾತ್ರ ಎಲ್ಲದಕ್ಕೂ ಒಂದೇ.

ಹಿಡಿಯುವುದಕ್ಕೆ: ಫೋನ್, ರೆಕಾರ್ಡರ್, ಮೈಕ್

ಹನಿ, ಕಣ, ಜೀರುಂಡೆ, ಬಸ್ ಸ್ಟ್ಯಾಂಡಿನ ಗದ್ದಲಕ್ಕೆ ಫೋನ್ ಸಾಲುತ್ತದೆ. ಆದರೆ ಫೋನಿನಲ್ಲಿ ಮೊದಲೇ ಬಂದಿರುವ ರೆಕಾರ್ಡರ್ ಹೆಚ್ಚಾಗಿ ಮಾತಿಗಾಗಿ ಮಾಡಿದ್ದು. ಸದ್ದು ಜಾಸ್ತಿಯಾದರೆ ತಾನೇ ತಗ್ಗಿಸುತ್ತದೆ, ಹಿನ್ನೆಲೆಯನ್ನು ಅಳಿಸಲು ನೋಡುತ್ತದೆ, ಆಮೇಲೆ ಕುಗ್ಗಿಸಿ ಉಳಿಸುತ್ತದೆ. ವೇವ್ ಕಡತವಾಗಿ ಉಳಿಸುವ, ಆಟೋ ಗೇನ್ ಮತ್ತು ನಾಯ್ಸ್ ಸಪ್ರೆಷನ್ ಆಫ್ ಮಾಡಲು ಬಿಡುವ ಆ್ಯಪ್ ಹುಡುಕಿಕೊಳ್ಳಿ.

ಡೊಳ್ಳು, ತಮಟೆ, ವೀರಗಾಸೆಯ ತಾಳಕ್ಕೆ ಫೋನ್ ಬೇಡ. ಅಷ್ಟು ಸದ್ದಿಗೆ ಅದರ ಮೈಕ್ ಒಳಗೇ ಸೀಳುತ್ತದೆ. ಸೀಳಿದ್ದನ್ನು ಆಮೇಲೆ ಸರಿಪಡಿಸಲಾಗದು. ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್ ತಂದರೆ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು, ಅತಿ ಜೋರಾದ ಹೊಡೆತ ಮೈನಸ್ 12 ಡಿಬಿ ದಾಟದಂತೆ ಮಟ್ಟ ಹೊಂದಿಸಿ. 24 ಬಿಟ್‌ನಲ್ಲಿ ಕಡಿಮೆ ಮಟ್ಟದಲ್ಲಿ ಹಿಡಿದರೆ ನಷ್ಟ ಇಲ್ಲ. 32 ಬಿಟ್ ಫ್ಲೋಟ್ ರೆಕಾರ್ಡರ್ ಆದರೆ ಮಟ್ಟದ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ, ಆದರೂ ಮೈಕ್‌ನ ಸೈರಣೆ ಮೀರಿದರೆ ಅದೂ ಸೀಳುತ್ತದೆ. ಮೂರ್ನಾಲ್ಕು ಮೀಟರ್ ದೂರ ನಿಲ್ಲಿ. ಬಾರಿಸುವವರನ್ನು ಕೇಳಿ ಒಪ್ಪಿಗೆ ಪಡೆದೇ ಹಿಡಿಯಿರಿ. ಬಳಸಿದ ಹಾಡಿನಲ್ಲಿ ಅವರ ತಂಡದ ಹೆಸರು ಹಾಕಿ, ಹಣ ಬಂದರೆ ಪಾಲು ಕೊಡಿ.

ಮಳೆಗಾಲಕ್ಕೆ ಕಂಡೆನ್ಸರ್ ಮೈಕ್ ಮತ್ತು ಡೈನಮಿಕ್ ಮೈಕ್ ನಡುವೆ ಆರಿಸಬೇಕಾದರೆ ಡೈನಮಿಕ್ ಎನ್ನಿ. ಕಂಡೆನ್ಸರ್‌ನ ಒಳಗೆ ತೇವ ಕೂತರೆ ಚಟಪಟ ಸದ್ದು ಬರುತ್ತದೆ. ಅದನ್ನು ಇಡಲೇಬೇಕಿದ್ದರೆ ಗಾಳಿ ಹೋಗದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಸಿಲಿಕಾ ಜೆಲ್ ಬಣ್ಣ ತಿರುಗಿದಾಗ ಬದಲಿಸಿ ಅಥವಾ ಒಣಗಿಸಿ.

ಎಫ್‌ಎಲ್, ಲೈವ್, ರೀಪರ್

ಹಾಡು ಕಟ್ಟುವ ಈ ಮೂರು ತಂತ್ರಾಂಶಗಳೂ ಹಾಡು ಮುಗಿಸುವುದಕ್ಕೆ ಸಮರ್ಥ. ವ್ಯತ್ಯಾಸ ಇರುವುದು ಕೆಲಸ ಮಾಡುವ ರೀತಿಯಲ್ಲಿ. ತಾಳವನ್ನು ಚೌಕ ಒತ್ತಿ ಕಟ್ಟುವವರಿಗೆ, ಸ್ವರವನ್ನು ಪಿಯಾನೊ ರೋಲ್‌ನಲ್ಲಿ ಬರೆಯುವವರಿಗೆ ಎಫ್‌ಎಲ್. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳು ಉಚಿತ. ಎರಡು ವಿಷಯ ಗೊತ್ತಿರಲಿ: ಟ್ರಯಲ್‌ನಲ್ಲಿ ಪ್ರಾಜೆಕ್ಟ್ ಸೇವ್ ಆಗುತ್ತದೆ, ಆದರೆ ಕೊಳ್ಳುವವರೆಗೆ ಮತ್ತೆ ತೆರೆಯದು. ಅತಿ ಕಡಿಮೆ ಬೆಲೆಯ ಫ್ರೂಟಿ ಆವೃತ್ತಿಯಲ್ಲಿ ಆಡಿಯೋ ರೆಕಾರ್ಡಿಂಗ್ ಇಲ್ಲ. ಡೊಳ್ಳು, ಕಣ ಅಂತೆಲ್ಲ ಹೊರಟವರು ಪ್ರೊಡ್ಯೂಸರ್ ಆವೃತ್ತಿಗೇ ಕೂಡಿಡಿ.

ವೇದಿಕೆ ಮೇಲೆ ಹಾಡನ್ನು ಅಲ್ಲೇ ಕಟ್ಟಿ ಕುಣಿಸುವವರಿಗೆ ಲೈವ್. ಸೆಷನ್ ವ್ಯೂನಲ್ಲಿ ತುಣುಕುಗಳನ್ನು ಯಾವ ಕ್ರಮದಲ್ಲಾದರೂ ತಾಳ ತಪ್ಪದೆ ಬಿಡಬಹುದು. ಇಂಟ್ರೊ ಆವೃತ್ತಿಗೆ 16 ಟ್ರ್ಯಾಕ್ ಮಿತಿ ಇದೆ. ಶಿಸ್ತಿನಿಂದ ಬೌನ್ಸ್ ಮಾಡುವವರಿಗೆ (ಸಿಂಥ್‌ನ ದನಿಯನ್ನು ಆಡಿಯೋ ಕಡತವಾಗಿಸುವವರಿಗೆ) ಅಷ್ಟು ಸಾಲುತ್ತದೆ.

ಹಳೆಯ ಯಂತ್ರ, ಕಡಿಮೆ ಹಣ, ಹೆಚ್ಚು ರೆಕಾರ್ಡಿಂಗ್ ಆದರೆ ರೀಪರ್. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ವೈಯಕ್ತಿಕ ಬಳಕೆಯ ಲೈಸೆನ್ಸ್ 60 ಡಾಲರ್. ಜೊತೆಗೆ ಬರುವ ಸಿಂಥ್ ತೀರಾ ಸಾದಾ. ಸರ್ಜ್ ಮತ್ತು ವೈಟಲ್ ಸೇರಿಸಿದರೆ ಆ ಕೊರತೆ ಇರುವುದಿಲ್ಲ. ಪಕ್ಕದಲ್ಲಿ ತೋರಿಸಿಕೊಡುವ ಗೆಳೆಯ ಇದ್ದರೆ, ಅವರು ಬಳಸುವುದನ್ನೇ ಆರಿಸುವುದು ಇವೆಲ್ಲಕ್ಕಿಂತ ಒಳ್ಳೆಯ ಕಾರಣ.

ಹಾರ್ಡ್‌ವೇರ್ ಸಿಂಥ್? ಆರಂಭದಲ್ಲಿ ಬೇಡ. ತೇವಕ್ಕೆ ನಾಬ್‌ಗಳು ಕರಕರ ಎನ್ನುತ್ತವೆ, ಕೆಟ್ಟರೆ ಬೆಂಗಳೂರಿಗೆ ಕಳಿಸಬೇಕಾದೀತು. ಅದೇ ಹಣಕ್ಕೆ ಒಳ್ಳೆಯ ಹೆಡ್‌ಫೋನ್ ಬರುತ್ತದೆ.

ಹೆಡ್‌ಫೋನ್ ಅಥವಾ ಸ್ಪೀಕರ್

ಹತ್ತು ಅಡಿ, ಹನ್ನೆರಡು ಅಡಿ ಕೋಣೆಯಲ್ಲಿ ಸ್ಪೀಕರ್ ಇಟ್ಟರೆ ಏನಾಗುತ್ತದೆ ಎಂಬುದನ್ನು ಕಾಗದದ ಮೇಲೇ ಕಂಡುಹಿಡಿಯಬಹುದು. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಮೀಟರ್ ಲೆಕ್ಕದಲ್ಲಿ ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಕೋಣೆ ತಾನೇ ಅನುರಣಿಸುವ ಆವರ್ತನ ಸಿಗುತ್ತದೆ. ಹನ್ನೆರಡು ಅಡಿಗೆ ಸುಮಾರು 47 ಹರ್ಟ್ಸ್, ಹತ್ತು ಅಡಿಗೆ ಸುಮಾರು 56 ಹರ್ಟ್ಸ್. ತಾರಸಿಯೂ ಹತ್ತು ಅಡಿ ಎತ್ತರದಲ್ಲಿದ್ದರೆ 56 ಎರಡು ಬಾರಿ ಸೇರಿಕೊಳ್ಳುತ್ತದೆ. ಬೇಸ್‌ನ ಎ1 ಸ್ವರ 55 ಹರ್ಟ್ಸ್, ಜಿ1 49 ಹರ್ಟ್ಸ್. ಹೀಗಾಗಿ ಗೋಡೆಗೆ ಒರಗಿ ಕೂತರೆ ಈ ಎರಡು ಸ್ವರಗಳು ಅಬ್ಬರಿಸುತ್ತವೆ, ಕೋಣೆಯ ನಟ್ಟನಡುವೆ ಕೂತರೆ ಮಾಯವಾಗುತ್ತವೆ. ಬೇಸ್ ಕೇಳಿಸುತ್ತಿಲ್ಲ ಎಂದು 6 ಡಿಬಿ ಏರಿಸಿದ ಹಾಡು ಕಾರಿನಲ್ಲಿ ಬಾಗಿಲು ನಡುಗಿಸುವುದು ಇದೇ ಕಾರಣಕ್ಕೆ.

ಸ್ಪೀಕರ್ ಇರಲೇಬೇಕಿದ್ದರೆ ಚಿಕ್ಕ ಗೋಡೆಗೆ ಮುಖ ಮಾಡಿ, ಆ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ ಹಿಂದೆ ಕಿವಿ ಬರುವಂತೆ ಕೂರಿ. ಅದು ಹನ್ನೆರಡು ಅಡಿಯ 38 ಪ್ರತಿಶತ. ಮೂಲೆಗಳಲ್ಲಿ ಹತ್ತಿಯ ಹಾಸಿಗೆ, ಬಟ್ಟೆ ತುಂಬಿದ ಬೀರು ಇದ್ದರೆ ಮೇಲಿನ ಆವರ್ತನಗಳ ಪ್ರತಿಧ್ವನಿ ತಗ್ಗುತ್ತದೆ. 50 ಹರ್ಟ್ಸ್‌ಗೆ ಅದು ಏನೂ ಮಾಡದು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದರಿಂದಲೂ ಬೇಸ್ ಸರಿಹೋಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮನೆಯಲ್ಲಿ ಕೆಲಸ ಮಾಡುವವರು ಹೆಡ್‌ಫೋನ್‌ನಲ್ಲೂ ಯೋಚಿಸಿ ಆರಿಸಬೇಕು. ತೆರೆದ ಹಿಂಬದಿಯ ಹೆಡ್‌ಫೋನ್ ಮಿಕ್ಸಿಂಗ್‌ಗೆ ಸಹಜವಾಗಿ ಕೇಳುತ್ತದೆ ನಿಜ, ಆದರೆ ಅದು ಮಳೆಯನ್ನೂ ಒಳಗೆ ಬಿಡುತ್ತದೆ. ಮಳೆಯ ಗದ್ದಲ ಹೈಹ್ಯಾಟ್ ಇರುವ ಜಾಗವನ್ನೇ ಮುಚ್ಚುವುದರಿಂದ ನೀವು ಹೈಹ್ಯಾಟ್ ಏರಿಸುತ್ತಾ ಹೋಗುತ್ತೀರಿ. ನಮ್ಮ ಕಡೆಗೆ ಮುಚ್ಚಿದ ಹಿಂಬದಿಯದೇ ಲೇಸು. ಆಡಿಯೋ ಟೆಕ್ನಿಕಾ ಎಂ50ಎಕ್ಸ್ 38 ಓಮ್, ಲ್ಯಾಪ್‌ಟಾಪಿನಿಂದಲೇ ಚೆನ್ನಾಗಿ ನಡೆಯುತ್ತದೆ. ಬೇಯರ್‌ಡೈನಮಿಕ್ ಡಿಟಿ 770 ಪ್ರೊ 80 ಓಮ್‌ನದಾದರೆ ಇಂಟರ್‌ಫೇಸ್ (ಮೈಕ್, ಹೆಡ್‌ಫೋನ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಜೊತೆ ಒಳ್ಳೆಯದು. ಮಳೆ ಜೋರಾದಾಗ ವಾಲ್ಯೂಮ್ ಏರಿಸಿ ಮಿಕ್ಸ್ ಮಾಡಬೇಡಿ. ಆ ಹೊತ್ತನ್ನು ಸ್ಯಾಂಪಲ್ ಕತ್ತರಿಸುವುದಕ್ಕೆ, ಹೆಸರಿಟ್ಟು ಜೋಡಿಸುವುದಕ್ಕೆ ಇಟ್ಟುಕೊಳ್ಳಿ. ಕಿವಿಯೂ ಉಳಿಯುತ್ತದೆ.

ಸಿಂಥ್ ಆಗಿಯೇ ಬಿಡುವುದೋ, ಆಡಿಯೋ ಮಾಡುವುದೋ

ಶಬ್ದ ಹಿಡಿಸಿತೆಂದರೆ ಅಂದೇ ಬೌನ್ಸ್ ಮಾಡಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ‘ಆಮೇಲೆ ಬದಲಿಸಬಹುದು’ ಎಂದು ಬಿಟ್ಟ ಸಿಂಥ್ ಪ್ರೊಸೆಸರನ್ನೂ ತಿನ್ನುತ್ತದೆ, ತೀರ್ಮಾನವನ್ನೂ ಮುಂದೂಡುತ್ತದೆ. ಆಡಿಯೋ ಆದಮೇಲೆ ಹಿಂದುಮುಂದು ತಿರುಗಿಸಬಹುದು, ಕತ್ತರಿಸಬಹುದು, ಅಲೆಯನ್ನು ಕಣ್ಣಿಂದ ನೋಡಬಹುದು. ಫ್ರೀಜ್ (ಟ್ರ್ಯಾಕನ್ನು ತಾತ್ಕಾಲಿಕವಾಗಿ ಆಡಿಯೋ ಮಾಡಿಡುವುದು) ಪ್ರೊಸೆಸರ್‌ಗೆ ಬಿಡುವು ಕೊಡುತ್ತದೆ ಅಷ್ಟೆ, ತೀರ್ಮಾನ ಮಾಡಿಸುವುದಿಲ್ಲ. ಸಿಂಥ್‌ನ ಪ್ರೀಸೆಟನ್ನು ಬೌನ್ಸ್ ಮಾಡಿದ ಕಡತದ ಹೆಸರಿನಲ್ಲೇ ಸೇವ್ ಮಾಡಿಟ್ಟರೆ ವಾಪಸ್ ಹೋಗುವ ದಾರಿಯೂ ತೆರೆದಿರುತ್ತದೆ. ಹೆಸರಿನಲ್ಲಿ ಸ್ವರ ಮತ್ತು ಬಿಪಿಎಂ ಇರಲಿ: ‘ಡೊಳ್ಳುಕಿಕ್_ಜಿ_128’. ಆರು ತಿಂಗಳ ಮೇಲೆ ಹುಡುಕುವಾಗ ಇದರ ಬೆಲೆ ತಿಳಿಯುತ್ತದೆ.

ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಲೆಕ್ಕ ಹಾಕುವ ದನಿಯ ಪ್ರಮಾಣ) ಕೆಲಸಕ್ಕೆ ತಕ್ಕಂತೆ ಬದಲಾಗಬೇಕು. ಕೀಬೋರ್ಡ್ ನುಡಿಸಿ ರೆಕಾರ್ಡ್ ಮಾಡುವಾಗ 128 ಸ್ಯಾಂಪಲ್, 48 ಕಿಲೋಹರ್ಟ್ಸ್‌ನಲ್ಲಿ ಅದು 2.7 ಮಿಲಿಸೆಕೆಂಡ್. ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ. ಪ್ರೊಸೆಸರ್ ಮೀಟರ್ ಅರ್ಧವೂ ತುಂಬದೆ ಚಟಪಟ ಬಂದರೆ ತಪ್ಪು ಸಿಂಥ್‌ನದಲ್ಲ. ಹೆಚ್ಚಾಗಿ ವೈಫೈ ಡ್ರೈವರ್ ಅಥವಾ ಬ್ಯಾಟರಿ ಉಳಿಸುವ ಸೆಟ್ಟಿಂಗ್. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದ ಕೂಡಲೇ ಪ್ರೊಸೆಸರ್ ವೇಗ ತಗ್ಗಿ ಹಾಡು ತೊದಲುವುದೂ ಇದರಿಂದಲೇ. ಪವರ್ ಪ್ಲ್ಯಾನ್ ಹೈ ಪರ್ಫಾರ್ಮೆನ್ಸ್‌ಗೆ ಹಾಕಿ, ವೈಫೈ ಆಫ್ ಮಾಡಿ ನೋಡಿ.

ಗುಂಯ್‌ ಎನ್ನುವ ಕರೆಂಟು

ರೆಕಾರ್ಡಿಂಗ್‌ನಲ್ಲಿ ಗುಂಯ್ ಕೇಳಿದರೆ ಚಾರ್ಜರ್ ತೆಗೆದು ನೋಡಿ. ನಿಂತುಹೋದರೆ ಕಾರಣ ಹೆಚ್ಚಾಗಿ ಅರ್ತಿಂಗ್. ಲ್ಯಾಪ್‌ಟಾಪ್, ಇಂಟರ್‌ಫೇಸ್, ಸ್ಪೀಕರ್ ಮೂರನ್ನೂ ಸರಿಯಾದ ಅರ್ತಿಂಗ್ ಇರುವ ಒಂದೇ ಮೂರು ಪಿನ್ ಬೋರ್ಡಿಗೆ ಹಾಕಿ, ಸ್ಪೀಕರ್‌ಗೆ ಬ್ಯಾಲೆನ್ಸ್ಡ್ ಕೇಬಲ್ (ಹೊರಗಿನ ಗದ್ದಲ ಸೇರದಂತೆ ತಡೆಯುವ ಕೇಬಲ್) ಬಳಸಿ. ಅರ್ತ್ ಪಿನ್ ಮುರಿದು ಗುಂಯ್ ನಿಲ್ಲಿಸುವ ಉಪಾಯ ಪ್ರಾಣಕ್ಕೆ ಅಪಾಯ, ಅದನ್ನು ಮಾಡಲೇಬೇಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ನಡೆಯುವಾಗ ಗುಂಯ್ ಜೊತೆ ಚುರುಗುಟ್ಟುವಿಕೆಯೂ ಸೇರುತ್ತದೆ. ಆ ಹೊತ್ತಿನಲ್ಲಿ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ.

ಈಗಾಗಲೇ ಸೇರಿಕೊಂಡ ಗುಂಯನ್ನು ತೆಗೆಯಲು 50, 100, 150 ಹರ್ಟ್ಸ್‌ಗಳಲ್ಲಿ ಕಿರಿದಾದ ನಾಚ್ (ಒಂದೇ ಆವರ್ತನವನ್ನು ಕತ್ತರಿಸುವ ಫಿಲ್ಟರ್) ಹಾಕುತ್ತಾರೆ. ಅದನ್ನು ಆ ಸ್ಯಾಂಪಲ್ ಮೇಲೆ ಮಾತ್ರ ಹಾಕಿ. ಮಾಸ್ಟರ್ (ಎಲ್ಲ ಟ್ರ್ಯಾಕ್ ಸೇರಿದ ಇಡೀ ಹಾಡು) ಮೇಲೆ ಹಾಕಿದರೆ 49 ಹರ್ಟ್ಸ್‌ನ ಜಿ1, ಅಂದರೆ ನೀವು ಅಷ್ಟು ಕಷ್ಟಪಟ್ಟು ಕಟ್ಟಿದ ಕಿಕ್, ಅದರಲ್ಲೇ ಕೊಚ್ಚಿಹೋಗುತ್ತದೆ.

ಮೆರವಣಿಗೆಗೋ, ಫೋನಿಗೋ

ಒಂದೇ ಮಾಸ್ಟರ್ ಎರಡೂ ಕಡೆ ಒಗ್ಗುವುದು ಅಪರೂಪ. ಗಣಪತಿ ಮೆರವಣಿಗೆಯ ಗಾಡಿಯ ಮೇಲಿನ ಬಾಕ್ಸ್‌ಗಳು ಬಹಳಷ್ಟು ಸಲ ಮೊನೊದಲ್ಲಿ ಓಡುತ್ತವೆ. ಎಡ ಬಲಕ್ಕೆ ಹರಡಿದ ಬೇಸ್ ಅಲ್ಲಿ ಕರಗಿಹೋಗುತ್ತದೆ. ಅಲ್ಲಿಗೆ ಕೊಡುವ ಮುನ್ನ ಮಾಸ್ಟರನ್ನು ಮೊನೊ ಮಾಡಿ ಕೇಳಿ, 30 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಆ ಬಾಕ್ಸ್‌ಗಳಲ್ಲಿ ಆ ಭಾಗ ಕೇಳುವುದು ಕಷ್ಟ, ಆಂಪ್ಲಿಫೈಯರ್‌ನ ಶಕ್ತಿಯನ್ನಷ್ಟೇ ತಿನ್ನುತ್ತದೆ. ಲಿಮಿಟರ್‌ನಲ್ಲಿ (ದನಿ ಮಿತಿ ಮೀರದಂತೆ ತಡೆಯುವ ಪರಿಕರ) ಜಜ್ಜಬೇಡಿ. ಅವರ ರ್‍ಯಾಕ್‌ನಲ್ಲೂ ಲಿಮಿಟರ್ ಇರುತ್ತದೆ, ಎರಡೂ ಸೇರಿದರೆ ಡೊಳ್ಳಿನ ಹೊಡೆತ ಚಪ್ಪಟೆಯಾಗುತ್ತದೆ.

ಫೋನಿನ ಸಣ್ಣ ಸ್ಪೀಕರ್‌ನಲ್ಲಿ 49 ಹರ್ಟ್ಸ್ ಬರುವುದೇ ಇಲ್ಲ. ಬೇಸ್‌ಗೆ ಸ್ವಲ್ಪ ಸ್ಯಾಚುರೇಷನ್ (ಹಿತವಾದ ಒಡಕು) ಕೊಟ್ಟರೆ 98, 147, 196 ಹೀಗೆ ಮೇಲಕ್ಕೆ ಹಾರ್ಮೋನಿಕ್ ಹುಟ್ಟುತ್ತದೆ, ಮೇಲಿನವು ಫೋನಿಗೆ ಸಿಕ್ಕುತ್ತವೆ, ಕೆಳಸ್ವರವನ್ನು ಕಿವಿ ತಾನೇ ಊಹಿಸಿಕೊಳ್ಳುತ್ತದೆ. ಸ್ಪಾಟಿಫೈ ಹಾಡುಗಳನ್ನು ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಆಸುಪಾಸಿಗೆ ಹೊಂದಿಸುವುದರಿಂದ ಅದಕ್ಕಿಂತ ಜೋರಾಗಿ ಮಾಡಿದ್ದನ್ನು ಅದು ತಗ್ಗಿಸಿಬಿಡುತ್ತದೆ. ಟ್ರೂ ಪೀಕ್ (ಅಲೆಯ ನಿಜವಾದ ತುತ್ತತುದಿ) ಮೈನಸ್ 1 ಡಿಬಿ ಮೀರದಿರಲಿ.

ಸೌಂಡ್ಸ್‌ನವರಿಗೆ ಪೆನ್ ಡ್ರೈವ್ ಕೊಡುವಾಗ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಹಳೆಯ ಪ್ಲೇಯರ್‌ಗಳು ಬೇರೆಯದನ್ನು ಓದದೇ ಹೋಗಬಹುದು. 44.1 ಕಿಲೋಹರ್ಟ್ಸ್, 16 ಬಿಟ್ ವೇವ್ ಒಂದು, ಅದೇ ಹಾಡಿನ 320 ಕೆಬಿಪಿಎಸ್ ಎಂಪಿ3 ಇನ್ನೊಂದು. ಕಡತದ ಹೆಸರಿನ ಮೊದಲಿಗೆ 01, 02 ಎಂದು ಕ್ರಮಸಂಖ್ಯೆ ಹಾಕಿ, ಎರಡು ಡ್ರೈವ್‌ಗೆ ಅದನ್ನೇ ನಕಲಿಸಿ ಕೊಡಿ.